ದೂರ ಹೋದವರ ಹೆಸರು ನಮ್ಮ ಪುಸ್ತಕದಲ್ಲಿದೆ

ನಮ್ಮ ಚರ್ಚಿನ ಆಫೀಸಿಗೆ ಪರದೇಶದಿಂದ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯಕ್ಕೆ ಬರುತ್ತವೆ. 'ನನಗೆ ಮದುವೆ ನಿಶ್ಚಯ ಆಗಿದೆ, ಜ್ಞಾನಸ್ನಾನದ ಸರ್ಟಿಫಿಕೇಟ್ ಬೇಕು.' ಮೊದಲೆಲ್ಲ ಅಂಚೆಯಲ್ಲಿ ಬರುತ್ತಿತ್ತಂತೆ, ಈಗ ಇಮೇಲ್, ವಾಟ್ಸ್ಆ್ಯಪ್. ಬರೆದವರು ಯಾರು ಅಂತ ಆಫೀಸಿನಲ್ಲಿ ಕೂತವರಿಗೆ ಮುಖಪರಿಚಯವೂ ಇರೋದಿಲ್ಲ. ಆದರೂ ಬೀರು ತೆಗೆದು, ಅವರು ಹುಟ್ಟಿದ ವರ್ಷದ ದಪ್ಪ ಪುಸ್ತಕ ಇಳಿಸಿ ಪುಟ ತಿರುವಿದರೆ ಹೆಸರು ಸಿಗುತ್ತೆ. ಅಪ್ಪ ಅಮ್ಮನ ಹೆಸರು, ಜ್ಞಾನತಂದೆ ಜ್ಞಾನತಾಯಿಯ ಹೆಸರು, ಸ್ನಾನ ಕೊಟ್ಟ ಗುರುಗಳ ಸಹಿ, ಎಲ್ಲ ಒಂದೇ ಸಾಲಿನಲ್ಲಿ.

ಈ ಪುಸ್ತಕದ ಬಗ್ಗೆ ಬೇರೆ ಧರ್ಮದ ಓದುಗರಿಗೆ ಒಂದು ಮಾತು ಹೇಳಬೇಕು. ಕಥೋಲಿಕರಲ್ಲಿ ಮಗುವಿಗೆ ಯಾವ ಚರ್ಚಿನಲ್ಲಿ ಜ್ಞಾನಸ್ನಾನ ಆಯಿತೋ ಆ ಚರ್ಚಿನ ಪುಸ್ತಕದ ಸಾಲೇ ಜೀವನಪೂರ್ತಿ ಅವರ ಮೂಲ ದಾಖಲೆ. ಮುಂದೆ ಅವರು ಟೊರಾಂಟೊದಲ್ಲಿ ಮದುವೆಯಾದರೂ ಸರಿ, ದುಬೈನಲ್ಲಿ ಆದರೂ ಸರಿ, ಮದುವೆ ಮಾಡಿಸಿದ ಚರ್ಚು ಸುದ್ದಿಯನ್ನು ಇಲ್ಲಿಗೆ ತಿಳಿಸಬೇಕು. ಇಲ್ಲಿನ ಗುರುಗಳು ಆ ಸಾಲಿನ ಪಕ್ಕ, ಅಂಚಿನಲ್ಲಿ, ಯಾರ ಜೊತೆ, ಎಲ್ಲಿ, ಯಾವತ್ತು ಅಂತ ಬರೆಯಬೇಕು. 1907ರಲ್ಲಿ ರೋಮ್‌ನಿಂದ ಹೊರಟ 'ನೆ ತೆಮೆರೆ' ಅನ್ನೋ ಆದೇಶ 1908ರ ಈಸ್ಟರ್‌ನಿಂದ ಇದನ್ನು ಕಡ್ಡಾಯ ಮಾಡಿತು. ಒಂದು ಊರಲ್ಲಿ ಮದುವೆಯಾಗಿ, ಮುಚ್ಚಿಟ್ಟು, ಇನ್ನೊಂದು ಊರಲ್ಲಿ ಮತ್ತೆ ಮದುವೆಯಾಗೋದು ಇದರಿಂದ ಕಷ್ಟವಾಯಿತು.

ನಾನು ಸಾಫ್ಟ್‌ವೇರ್ ಇಂಜಿನಿಯರ್. ಒಂದು ಮಾಹಿತಿಗೆ ಒಂದೇ ಮೂಲ ಇರಬೇಕು, ಬದಲಾವಣೆ ಎಲ್ಲೇ ಆದರೂ ಮೂಲಕ್ಕೆ ಬಂದು ಸೇರಬೇಕು ಅಂತ ನಮಗೆ ಕಂಪನಿಯಲ್ಲಿ ದುಡ್ಡು ಕೊಟ್ಟು ಟ್ರೈನಿಂಗ್ ಮಾಡಿಸುತ್ತಾರೆ. ಅದನ್ನೇ ಚರ್ಚುಗಳು ಶಾಯಿ ಪೆನ್ನು ಹಿಡಿದು ನೂರು ವರ್ಷಕ್ಕೂ ಮೇಲೆ ನಡೆಸಿಕೊಂಡು ಬಂದಿವೆ. ಆದರೆ ಸರ್ಟಿಫಿಕೇಟ್ ಕಳಿಸಿ ಅಂಚಿನಲ್ಲಿ ಎರಡು ಸಾಲು ಬರೆದ ಮೇಲೆ ಆ ವ್ಯಕ್ತಿ ಮತ್ತೆ ಯಾರಿಗೂ ನೆನಪಾಗುವುದಿಲ್ಲ. ಮದುವೆ ಗೊತ್ತಿರುತ್ತೆ, ಮನುಷ್ಯ ಗೊತ್ತಿರೋದಿಲ್ಲ. ಎರಡು ವರ್ಷದಿಂದ ನಾವು ನಾಲ್ಕು ಜನ ಸೇರಿ ಹೀಗೆ ದೂರ ಹೋದವರನ್ನು ಹುಡುಕುವ ಕೆಲಸ ಮಾಡುತ್ತಿದ್ದೇವೆ. ಅದರ ಬಗ್ಗೆ ಬರೆಯೋಣ ಅನ್ನಿಸಿತು.

ಬಂದವರು, ಹೋದವರು

ನಮ್ಮ ಚರ್ಚು ಇರೋದು ಹೆಬ್ಬಾಳ ದಾಟಿ ಯಲಹಂಕದ ಕಡೆಗೆ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಗೆ ಹೋಲಿಸಿದರೆ ನಿನ್ನೆ ಮೊನ್ನೆ ಹುಟ್ಟಿದ ಚರ್ಚು. ನಗರದ ಈ ಭಾಗಕ್ಕೆ ನಮ್ಮ ಜನ ಹೆಚ್ಚಾಗಿ ಬಂದದ್ದು ಕೆಲಸ ಹುಡುಕಿಕೊಂಡು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದವು. ಜಾಲಹಳ್ಳಿ ಸುತ್ತ ಕ್ವಾರ್ಟರ್ಸ್‌ಗಳು ಎದ್ದವು. ಯಲಹಂಕದಲ್ಲಿ ವಾಯುಪಡೆ ನೆಲೆ, 1984ರಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚು ಕಾರ್ಖಾನೆ. ಯಶವಂತಪುರದಲ್ಲಿ ರೈಲ್ವೆ, ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ. ಹಾಸನ, ಕನಕಪುರ, ಆನೇಕಲ್ ಕಡೆಯ ಕನ್ನಡ ಕುಟುಂಬಗಳು, ಮಂಗಳೂರಿನ ಕೊಂಕಣಿಯವರು, ಕೇರಳದವರು, ತಮಿಳರು, 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಿಂದ ಬಂದವರು, ಎಲ್ಲರೂ ಸೇರಿ ಆದದ್ದು ನಮ್ಮ ಧರ್ಮಕೇಂದ್ರ.

ಹೀಗೆ ಕೆಲಸಕ್ಕೆ ಬಂದವರ ಮಕ್ಕಳು ಕೆಲಸಕ್ಕಾಗಿಯೇ ಹೋದರು. ಅಪ್ಪ ರಿಟೈರ್ ಆದ ದಿನ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಕೆಲವರು ಸ್ವಂತ ಊರಿಗೆ, ಕೆಲವರು ಸೈಟು ಸಿಕ್ಕ ಕಡೆಗೆ. ಹುಡುಗರು ಮಸ್ಕತ್, ದುಬೈ. ನರ್ಸಿಂಗ್ ಓದಿದ ಹುಡುಗಿಯರು ಐರ್ಲೆಂಡ್, ಇಂಗ್ಲೆಂಡ್. ನನ್ನ ಜೊತೆ ಕ್ಯಾಟೆಕಿಸಂ ಕ್ಲಾಸಿನಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಈಗ ಅಮೆರಿಕ, ಆಸ್ಟ್ರೇಲಿಯಾ. ಎಚ್‌ಎಂಟಿ ವಾಚ್ ಕಾರ್ಖಾನೆ ಮುಚ್ಚುವ ತೀರ್ಮಾನ 2016ರಲ್ಲಿ ಬಂದಾಗ ಅಲ್ಲಿ ದುಡಿದ ಎಷ್ಟೋ ಜನರ ಮಕ್ಕಳು ಆಗಲೇ ವಿಮಾನ ಹತ್ತಿ ಆಗಿತ್ತು. ದೂರ ಅಂದರೆ ಬರೀ ಕೆನಡಾ ಅಂದುಕೊಳ್ಳಬೇಡಿ. ಎಲೆಕ್ಟ್ರಾನಿಕ್ ಸಿಟಿಗೆ ಮನೆ ಬದಲಾಯಿಸಿದವರೂ ನಮ್ಮ ಲೆಕ್ಕದಲ್ಲಿ ದೂರ ಹೋದವರೇ. ಸಿಲ್ಕ್ ಬೋರ್ಡ್ ದಾಟಿ ಭಾನುವಾರ ಬೆಳಗ್ಗೆ ಏಳಕ್ಕೆ ಹೆಬ್ಬಾಳಕ್ಕೆ ಬರೋದು ಸುಲಭದ ಮಾತಲ್ಲ!

ಖಾಲಿ ಬೆಂಚು, ತುಂಬಿದ ಪರದೆ

ಇವರೆಲ್ಲ ನಮ್ಮನ್ನು ಮರೆತಿದ್ದಾರೆ ಅಂತಲೇ ನಾವು ಅಂದುಕೊಂಡಿದ್ದೆವು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಏಪ್ರಿಲ್ 10 ಶುಭ ಶುಕ್ರವಾರ, 12 ಈಸ್ಟರ್. ನಮ್ಮ ವರ್ಷದ ಅತಿ ದೊಡ್ಡ ವಾರ ಅದು, ಚರ್ಚಿನ ಬಾಗಿಲು ಮುಚ್ಚಿತ್ತು. ಒಬ್ಬ ಹುಡುಗ ಸ್ಟ್ಯಾಂಡಿಗೆ ಮೊಬೈಲ್ ಕಟ್ಟಿ ಯೂಟ್ಯೂಬ್‌ನಲ್ಲಿ ಪೂಜೆ ಲೈವ್ ಹಾಕಿದ. ಫಾದರ್ ಖಾಲಿ ಬೆಂಚುಗಳಿಗೆ ಪ್ರಸಂಗ ಮಾಡಿದರು. ಇದು ನಮ್ಮ ಸುತ್ತಮುತ್ತಲಿನ ಮನೆಗಳಿಗೆ ಅಂತ ಮಾಡಿದ ವ್ಯವಸ್ಥೆ.

ಆದರೆ ಪಕ್ಕದಲ್ಲಿ ಓಡುತ್ತಿದ್ದ ಹೆಸರುಗಳನ್ನು ನೋಡಿ ಮನೆಯಲ್ಲಿ ನಮ್ಮಮ್ಮ ಕೂಗಿದರು, "ಏಯ್, ಇವ್ಳು ಕ್ವಾರ್ಟರ್ಸ್ ಮೇರಿ ಮಗಳಲ್ವಾ?" ಪರ್ತ್‌ನಿಂದ ಒಬ್ಬರು, ಡಬ್ಲಿನ್‌ನಿಂದ ಒಬ್ಬರು, ಟೊರಾಂಟೊದಿಂದ ಇಡೀ ಕುಟುಂಬ. ನಮ್ಮ ಬೆಳಗ್ಗೆ ಏಳರ ಪೂಜೆ ಪರ್ತ್‌ನಲ್ಲಿ ಒಂಬತ್ತೂವರೆ, ದುಬೈನಲ್ಲಿ ಐದೂವರೆ, ಲಂಡನ್‌ನಲ್ಲಿ ನಡುರಾತ್ರಿ ಎರಡೂವರೆ, ಟೊರಾಂಟೊದಲ್ಲಿ ಹಿಂದಿನ ದಿನ ರಾತ್ರಿ ಒಂಬತ್ತೂವರೆ. ಅಲ್ಲಿ ಅವರ ಮನೆ ಹತ್ತಿರವೂ ಚರ್ಚುಗಳಿವೆ, ಅವರೂ ಲೈವ್ ಹಾಕುತ್ತಿದ್ದರು. ಆದರೂ ಇಲ್ಲಿಗೆ ಬಂದರು. ಕನ್ನಡದಲ್ಲಿ ಪೂಜೆ ಕೇಳಿ ಹನ್ನೆರಡು ವರ್ಷವಾಯ್ತು ಅಂತ ಒಬ್ಬರು ಬರೆದರು.

ದುಬೈನಲ್ಲಿದ್ದ ಒಬ್ಬ ಅಂಕಲ್ ಆಮೇಲೆ ಫೋನಿನಲ್ಲಿ ಹೇಳಿದ್ದು ನೆನಪಿದೆ. ಆಗ ಅಲ್ಲಿ ಶುಕ್ರವಾರ ರಜಾ, ಭಾನುವಾರ ಕೆಲಸದ ದಿನ. ಹಾಗಾಗಿ ಅಲ್ಲಿನ ಚರ್ಚುಗಳಲ್ಲಿ ಭಾನುವಾರದ ಪೂಜೆಗೆ ಜನ ಸೇರುತ್ತಿದ್ದದ್ದು ಶುಕ್ರವಾರ. 2022ರ ಜನವರಿಯಲ್ಲಿ ಅಲ್ಲಿ ವಾರದ ರಜೆ ಶನಿವಾರ ಭಾನುವಾರಕ್ಕೆ ಬದಲಾಯಿತು. "ಇಪ್ಪತ್ತು ವರ್ಷ ಶುಕ್ರವಾರ ಚರ್ಚಿಗೆ ಹೋಗಿದ್ದೀನಿ ಕಣಮ್ಮ. ಭಾನುವಾರ ಬೆಳಗ್ಗೆ ಚರ್ಚಲ್ಲಿ ಕೂತ್ಕೊಳೋದು ಹೇಗಿರುತ್ತೆ ಅಂತ್ಲೇ ಮರೆತುಹೋಗಿತ್ತು" ಅಂದರು.

ಬಾಗಿಲು ತೆರೆದ ಮೇಲೆ ಲೈವ್ ನೋಡುವವರು ಕಡಿಮೆಯಾದರು, ಹೆಸರುಗಳು ಮತ್ತೆ ಮಾಯ. ಆಗ ಫಾದರ್ ನಮ್ಮನ್ನು ಕರೆದು, ಇವರ ಪಟ್ಟಿ ಮಾಡೋಕಾಗುತ್ತಾ ಅಂತ ಕೇಳಿದರು. ಒಬ್ಬರು ರಿಟೈರ್ ಆದ ಫ್ಯಾಕ್ಟರಿ ನೌಕರರು, ಒಬ್ಬರು ನರ್ಸ್, ಒಬ್ಬ ಕಾಲೇಜು ಹುಡುಗಿ, ಮತ್ತೆ ನಾನು.

ಇನ್ನಾಸಪ್ಪ ಅಂದರೆ ಇಗ್ನೇಷಿಯಸ್

ಕಂಪ್ಯೂಟರ್ ಗೊತ್ತಿದ್ದವರಿಗೆ ಇದೇನು ದೊಡ್ಡ ಕೆಲಸ ಅಂತ ನೀವು ಕೇಳಬಹುದು. ಪುಸ್ತಕದ ಹೆಸರುಗಳನ್ನು ಎಕ್ಸೆಲ್‌ಗೆ ಹಾಕಿ, ಫೇಸ್‌ಬುಕ್, ಲಿಂಕ್ಡ್‌ಇನ್‌ನಲ್ಲಿ ಹುಡುಕಿದರಾಯ್ತು. ಆದರೆ ಕನ್ನಡ ಕಥೋಲಿಕರ ಹೆಸರುಗಳ ಕಥೆಯೇ ಬೇರೆ. ಪೀಟರ್ ನಮ್ಮಲ್ಲಿ ರಾಯಪ್ಪ, ಪಾಲ್ ಚಿನ್ನಪ್ಪ, ಜಾನ್ ಅರುಳಪ್ಪ, ಜೋಸೆಫ್ ಜೋಜಪ್ಪ, ಇಗ್ನೇಷಿಯಸ್ ಇನ್ನಾಸಪ್ಪ, ಝೇವಿಯರ್ ಚೌರಪ್ಪ. ತಮಿಳಿನ ದಾರಿಯಲ್ಲಿ ಬಂದು ಕನ್ನಡದ 'ಅಪ್ಪ' ಅಂಟಿಸಿಕೊಂಡ ಹೆಸರುಗಳು ಇವು. ಬಹಳ ಹಳೆಯ ಚರ್ಚುಗಳಲ್ಲಿ ಇನ್ನೂ ಕಷ್ಟ, ಅಲ್ಲಿ ಫ್ರೆಂಚ್ ಗುರುಗಳು ಲ್ಯಾಟಿನ್‌ನಲ್ಲಿ ಬರೆದಿರುತ್ತಾರೆ.

ಅಜ್ಜ ಪುಸ್ತಕದಲ್ಲಿ ಚೌರಪ್ಪ, ಫ್ಯಾಕ್ಟರಿಯ ಗುರುತಿನ ಚೀಟಿಯಲ್ಲಿ ಝೇವಿಯರ್, ಮೊಮ್ಮಗನ ಪಾಸ್‌ಪೋರ್ಟಿನಲ್ಲಿ ಅದೇ ಸರ್‌ನೇಮ್. ಉಚ್ಚಾರಣೆ ಹೋಲಿಸಿ ಹೆಸರು ಜೋಡಿಸುವ ಪ್ರೋಗ್ರಾಂಗಳು ಚೌರಪ್ಪನನ್ನೂ ಝೇವಿಯರನ್ನೂ ಒಬ್ಬನೇ ಅಂತ ಹೇಗೆ ಹೇಳಬೇಕು? ಕೊನೆಗೆ ನಮಗೆ ದಾರಿ ತೋರಿಸಿದ್ದು ಎಂಬತ್ತು ದಾಟಿದ ಉಪದೇಶಿಯೊಬ್ಬರು. ಮನೆಮನೆಗೆ ಹೋಗಿ ಮಕ್ಕಳಿಗೆ ಜಪ ಕಲಿಸಿದವರು. ಹೆಸರು ಓದುತ್ತಾ ಹೋದರೆ, "ಇವ್ನು ಗಾಲಿ ಫ್ಯಾಕ್ಟರಿಯವನು, ಮಗಳು ಲಂಡನ್‌ನಲ್ಲಿದ್ದಾಳೆ, ಇವ್ನ ತಮ್ಮ ಮತ್ತೀಕೆರೆ" ಅಂತ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಕಾಲೇಜು ಹುಡುಗಿ ಟೈಪ್ ಮಾಡುತ್ತಿದ್ದಳು. ಮೂರು ತಿಂಗಳ ಸಂಜೆಗಳು ಹೀಗೇ ಹೋದವು. ಅವರು ಹೇಳಿದ್ದು ಬೇರೆ ಎಲ್ಲೂ ಬರೆದಿರಲಿಲ್ಲ.

ಇನ್ನೊಂದು ವಿಷಯದಲ್ಲಿ ನಾನು ಹಟ ಹಿಡಿದೆ. ಸಿಕ್ಕ ನಂಬರನ್ನೆಲ್ಲ ಒಂದು ವಾಟ್ಸ್ಆ್ಯಪ್ ಗ್ರೂಪಿಗೆ ಸೇರಿಸೋದು ಬೇಡ, ಒಬ್ಬೊಬ್ಬರನ್ನೂ ಕೇಳಿ, ಒಪ್ಪಿದರೆ ಮಾತ್ರ ಇಟ್ಟುಕೊಳ್ಳೋಣ, ಬೇಡ ಅಂದರೆ ಅಳಿಸೋಣ ಅಂತ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ನಮ್ಮ ದೇಶದಲ್ಲೂ ಕಾನೂನು ಬಂದಿದೆ. ಅದು ಇರದಿದ್ದರೂ ಮರ್ಯಾದೆ ಅಂತ ಒಂದಿದೆಯಲ್ಲ.

"ಎಷ್ಟು ಕೊಡಬೇಕು?"

ಮೊದಲ ಫೋನ್ ಮಸ್ಕತ್‌ಗೆ. ಚರ್ಚಿನಿಂದ ಅಂದ ಕೂಡಲೇ ಆ ಕಡೆಯಿಂದ, "ಹೇಳಿ, ಎಷ್ಟು ಕೊಡಬೇಕು? ಅಕೌಂಟ್ ನಂಬರ್ ಕಳಿಸಿಬಿಡಿ." ಬೇಸರದ ಧ್ವನಿಯೇನಲ್ಲ, ಅಭ್ಯಾಸ ಅಷ್ಟೇ. ಊರಿಂದ ಬರುವ ಫೋನ್ ಅಂದರೆ ಗೋಪುರಕ್ಕೆ, ಹಾಲ್‌ಗೆ, ಜುಬಿಲಿಗೆ ಅಂತ ಅವರಿಗೆ ಗೊತ್ತು. ಏನೂ ಬೇಡ, ಹೇಗಿದ್ದೀರಿ ಅಂತ ಕೇಳೋಕೆ ಮಾಡಿದ್ದು ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನಮ್ ಕಾಲದ ಹಾರ್ಮೋನಿಯಂ ಇನ್ನೂ ಇದ್ಯಾ?" ಅಂತ ಕೇಳಿದರು. ಇತ್ತು, ಅಟ್ಟದ ಮೇಲೆ, ಎರಡು ಮನೆ ಮುರಿದು. ಫೋಟೋ ಕಳಿಸಿದೆವು. ಆ ರಾತ್ರಿ ಅವರು ತಮ್ಮ ಕ್ವೈರ್‌ನ ಹಳೆಯ ಫೋಟೋ ಕಳಿಸಿದರು. ಅದರಲ್ಲಿ ನಮ್ಮಪ್ಪ ಮೀಸೆ ಇಲ್ಲದೆ ನಿಂತಿದ್ದಾರೆ!

ದುಡ್ಡಿನ ಬಗ್ಗೆ ಪಾರಿಷ್ ಕೌನ್ಸಿಲ್‌ನಲ್ಲಿ ಜೋರು ಚರ್ಚೆಯೇ ನಡೆಯಿತು. ಚರ್ಚಿನ ಮಾಡು ಸೋರುತ್ತಿದೆ, ಪರದೇಶದ ಪಟ್ಟಿ ಕೈಯಲ್ಲಿದೆ, ಕೇಳಿದರೆ ತಪ್ಪೇನು ಅಂತ ಕೆಲವರು. ಅವರ ಮಾತು ತೀರಾ ತಳ್ಳಿಹಾಕುವಂಥದ್ದಲ್ಲ, ಮಾಡು ನಿಜವಾಗಲೂ ಸೋರುತ್ತೆ. ಕೊನೆಗೆ ಒಂದು ನಿರ್ಧಾರ ಆಯಿತು. ಮಾಡಿನ ಮನವಿ ನೋಟಿಸ್ ಬೋರ್ಡಿನಲ್ಲಿ, ಪೂಜೆಯ ಪ್ರಕಟಣೆಯಲ್ಲಿ ಇರಲಿ. ಈ ಪಟ್ಟಿಯಲ್ಲಿರುವ ಯಾರಿಗೂ ಹಣಕ್ಕಾಗಿ ಫೋನ್ ಮಾಡುವಂತಿಲ್ಲ. ಈ ನಿಯಮ ಇಲ್ಲದಿದ್ದರೆ ಎರಡನೇ ಸಲ ಫೋನ್ ಮಾಡಿದಾಗ ಯಾರೂ ಎತ್ತುತ್ತಿರಲಿಲ್ಲ ಅಂತ ನನಗೆ ಖಾತ್ರಿ.

ಜನ ಕೇಳಿದ್ದು ಸಣ್ಣ ಸಣ್ಣ ವಿಷಯ. ಗೋದಲಿ ಈಗಲೂ ಹುಲ್ಲಿನಲ್ಲೇ ಮಾಡ್ತೀರಾ? ಗರಿಗಳ ಭಾನುವಾರದ ಮೆರವಣಿಗೆ ಯಾವ ರಸ್ತೆಯಲ್ಲಿ ಹೋಗುತ್ತೆ? ಸೆಪ್ಟೆಂಬರ್ 8ರ ಶಿವಾಜಿನಗರದ ತೇರಿಗೆ ಕಾವಿ ಬಟ್ಟೆ ಉಟ್ಟು ನಡೆದುಕೊಂಡು ಹೋಗುವವರು ಇದ್ದಾರಾ? ಹೆಚ್ಚು ಜನ ಕೇಳಿದ್ದು ಸಮಾಧಿಯ ಬಗ್ಗೆ. ನವೆಂಬರ್ 2 ಸಕಲ ಮೃತರ ದಿನ. ಅವತ್ತು ಸಮಾಧಿಗೆ ಹೂವು ಇಟ್ಟು ಮೇಣದಬತ್ತಿ ಹಚ್ಚೋದು ನಮ್ಮ ಪದ್ಧತಿ. ಬರಲಾಗದವರ ಪರವಾಗಿ ಈಗ ನಮ್ಮ ಯುವಕರು ಅದನ್ನು ಮಾಡುತ್ತಾರೆ. ಐರ್ಲೆಂಡಿನ ನರ್ಸ್ ಒಬ್ಬರು ತಮ್ಮ ಜ್ಞಾನತಾಯಿ ಇದ್ದಾರಾ ಅಂತ ಕೇಳಿದರು. ಕೊಡಿಗೇಹಳ್ಳಿಯಲ್ಲಿದ್ದರು, ಹಾಸಿಗೆ ಹಿಡಿದಿದ್ದರು. ವಿಡಿಯೊ ಕಾಲ್ ಹಾಕಿಕೊಟ್ಟು ನಾವು ಹೊರಗೆ ಬಂದು ನಿಂತೆವು.

ಎಲ್ಲ ಫೋನ್‌ಗಳೂ ಹೀಗೆ ಸಿಹಿಯಾಗಿ ಮುಗಿಯಲಿಲ್ಲ. ಒಬ್ಬರು ತಣ್ಣಗೆ ಹೇಳಿದರು, "ನಾನು ಬೇರೆ ಧರ್ಮದ ಹುಡುಗಿಯನ್ನ ಮದುವೆಯಾದಾಗ ಅಮ್ಮನ ಹತ್ರ ಜನ ಏನೇನ್ ಮಾತಾಡಿದ್ರು ಅಂತ ನಿಮಗೆ ಗೊತ್ತಾ? ಅಮ್ಮ ಚರ್ಚಿನ ಹಿಂದಿನ ಬೆಂಚಿಗೆ ಹೋಗಿ ಕೂತ್ಕೊಳೋಳು. ದಯವಿಟ್ಟು ಮತ್ತೆ ಮಾಡಬೇಡಿ." ನಂಬರ್ ಅಳಿಸಿದೆವು. ಫಾದರ್‌ಗೆ ಹೇಳಿದಾಗ ಅವರು ಕೈಯಾರೆ ಒಂದು ಕಾಗದ ಬರೆದು ಹಾಕಿದರು. ಉತ್ತರ ಬಂದಿಲ್ಲ. ಹೋದವರೆಲ್ಲ ಕೆಲಸಕ್ಕೇ ಹೋದವರಲ್ಲ, ನಮ್ಮಿಂದ ದೂರ ಹೋಗೋಕೂ ಕೆಲವರು ಹೋಗಿದ್ದಾರೆ.

"ನನ್ನ ನಂಬರ್ ಇದ್ಯಾ?"

ಫೋನ್ ನಂಬರ್ ಸಿಗದವರ ಮನೆ ಹುಡುಕಿಕೊಂಡು ಹೋಗಬೇಕಾಯಿತು. ಮಕ್ಕಳು ಪರದೇಶದಲ್ಲಿ, ಅಪ್ಪ ಅಮ್ಮ ಸಹಕಾರನಗರ, ವಿದ್ಯಾರಣ್ಯಪುರ, ಆರ್.ಟಿ. ನಗರ, ಯಲಹಂಕ ಉಪನಗರಗಳಲ್ಲಿ. ಒಂದು ಶನಿವಾರ ನಾನೂ ನಮ್ಮ ನರ್ಸ್ ಅಕ್ಕನೂ ಒಬ್ಬ ತಾಯಿಯ ಮನೆಗೆ ಹೋದೆವು. ಮಗ ಪರ್ತ್‌ನಲ್ಲಿದ್ದಾನೆ. ಕಾಫಿ ಕೊಟ್ಟು, ಬಂದ ಕಾರಣ ಕೇಳಿ, ಆಕೆ ನಕ್ಕರು. "ಮಗನ ನಂಬರ್ ಕೇಳೋಕೆ ಬಂದ್ರಾ? ಸರಿ ಕೊಡ್ತೀನಿ. ನನ್ನ ನಂಬರ್ ಇದ್ಯಾ ನಿಮ್ ಹತ್ರ?"

ಇರಲಿಲ್ಲ. ಆಕೆ ಚರ್ಚಿನಿಂದ ಎರಡು ಕಿಲೋಮೀಟರ್ ದೂರದಲ್ಲಿದ್ದರು. ಮಂಡಿ ನೋವಿನಿಂದ ಎರಡು ವರ್ಷ ಪೂಜೆಗೆ ಬಂದಿರಲಿಲ್ಲ. ಕೊರೊನಾ ಕಾಲದಲ್ಲಿ ಯಾರೂ ಬರುತ್ತಿರಲಿಲ್ಲ, ಎಲ್ಲರೂ ವಾಪಸ್ ಬಂದ ಮೇಲೆ ಆಕೆ ಬಂದಿಲ್ಲ ಅನ್ನೋದನ್ನು ಯಾರೂ ಗಮನಿಸಲಿಲ್ಲ. ಹತ್ತು ಸಾವಿರ ಕಿಲೋಮೀಟರ್ ಆಚೆ ಇರುವವರಿಗೆ ಪಟ್ಟಿ ಇತ್ತು. ಪಕ್ಕದ ಬಡಾವಣೆಯಲ್ಲಿ ಇರುವವರಿಗೆ ಇರಲಿಲ್ಲ, ಅವರು ಹೋದವರಲ್ಲವಲ್ಲ!

ಅವತ್ತಿನಿಂದ ಎರಡನೇ ಪಟ್ಟಿ ಶುರುವಾಯಿತು. ಒಂಟಿಯಾಗಿರುವ ಹಿರಿಯರದ್ದು. ಇದಕ್ಕೆ ಯಾವ ಪ್ರೋಗ್ರಾಮೂ ಬೇಕಾಗಿಲ್ಲ. ಒಂದು ಬೀದಿಗೆ ಒಬ್ಬರು, ವಾರಕ್ಕೊಂದು ಫೋನ್, ತಿಂಗಳಿಗೊಂದು ಭೇಟಿ. ಬರಲಾಗದವರಿಗೆ ಮನೆಗೇ ಪರಮಪ್ರಸಾದ. ಟಿವಿಯಲ್ಲಿ ಯೂಟ್ಯೂಬ್ ಹಾಕೋದು ಹೇಗೆ ಅಂತ ಹುಡುಗರು ಹೋಗಿ ಕಲಿಸಿದರು. ಹತ್ತಿರದ ಆಟೋದವರ ನಂಬರ್, ಆಸ್ಪತ್ರೆಯ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದರು. ಹಿರಿಯರು ಒಪ್ಪಿದರೆ ಭೇಟಿಯ ಸುದ್ದಿಯನ್ನು ಮಕ್ಕಳಿಗೂ ತಿಳಿಸುತ್ತೇವೆ. 'ಅಮ್ಮ ಚೆನ್ನಾಗಿದ್ದಾರೆ, ಇವತ್ತು ನುಗ್ಗೆಕಾಯಿ ಸಾರು' ಅಂತ ಎರಡು ಸಾಲು. ಪರ್ತ್‌ನ ಮಗ ಮೊದಲ ಸಲ 'ಥ್ಯಾಂಕ್ಸ್' ಅಂತಷ್ಟೇ ಬರೆದರು. ನಾಲ್ಕನೇ ತಿಂಗಳಿಗೆ ಅವರೇ ಫೋನ್ ಮಾಡಿ, "ಅಮ್ಮ ಬಿದ್ದಿದ್ದಾರಾ? ನನ್ನ ಹತ್ರ ಹೇಳ್ತಿಲ್ಲ ಅನ್ಸುತ್ತೆ" ಅಂತ ಕೇಳಿದರು. ಬಿದ್ದಿದ್ದರು. ನಮ್ಮ ನರ್ಸ್ ಅಕ್ಕ ಅರ್ಧ ಗಂಟೆಯಲ್ಲಿ ಅಲ್ಲಿದ್ದರು.

ಇಂಥ ಮನೆಗಳಿಂದ ಒಂದಲ್ಲ ಒಂದು ದಿನ ಸಾವಿನ ಸುದ್ದಿಯೂ ಬರುತ್ತೆ. ವಿಮಾನದ ಟಿಕೆಟ್ ಸಿಗದ ಮಗಳು ಮೊಬೈಲಿನಲ್ಲಿ ಅಪ್ಪನ ಮಣ್ಣು ನೋಡುತ್ತಾಳೆ. ಮೊಬೈಲ್ ಹಿಡಿದು ನಿಂತವರಿಗೂ ಅಪ್ಪನ ಪರಿಚಯ ಇದ್ದರೆ ಆ ಮಗಳ ಜೊತೆ ಆಡೋಕೆ ಎರಡು ಮಾತು ಇರುತ್ತವೆ. ಪರಿಚಯ ಇಲ್ಲದವರು ಬರೀ ವಿಡಿಯೊ ಮಾಡಿಕೊಡಬಹುದು.

ಊರೇ ಇಲ್ಲದವರು

ನಮ್ಮ ಪುಸ್ತಕಗಳಲ್ಲಿ ದೊಡ್ಡವರ ಮೂಲ ಧರ್ಮಕೇಂದ್ರ ಅಂತ ಬರೆದಿರುವ ಕಡೆ ಒಂದೆರಡು ಸಲ ಶೆಟ್ಟಿಹಳ್ಳಿ ಅಂತ ಕಣ್ಣಿಗೆ ಬಿತ್ತು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಚರ್ಚಿನ ಫೋಟೋ ನೀವೂ ನೋಡಿರುತ್ತೀರಿ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಊರು ಎದ್ದು ಹೋಗಬೇಕಾಯಿತು. ಈಗ ಜಲಾಶಯ ತುಂಬಿದಾಗ ಚರ್ಚು ಅರ್ಧ ಮುಳುಗುತ್ತೆ, ಬೇಸಿಗೆಯಲ್ಲಿ ಮಾಡಿಲ್ಲದ ಗೋಡೆ, ಕಮಾನುಗಳು ಮೇಲೆ ಕಾಣುತ್ತವೆ. ಪ್ರವಾಸಿಗರಿಗೆ ಅದು ಸೆಲ್ಫಿ ಜಾಗ. ಅಲ್ಲಿಂದ ಎದ್ದು ಬಂದ ಕುಟುಂಬಗಳಿಗೆ ಅಜ್ಜ ಅಜ್ಜಿ ಮದುವೆಯಾದ ಜಾಗ.

ನಮ್ಮ ಕ್ವಾರ್ಟರ್ಸ್‌ಗಳಿಗೆ ನೀರು ಬರಲಿಲ್ಲ ಅಷ್ಟೇ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಈ ರಸ್ತೆಯ ಎರಡೂ ಬದಿ ಗುರುತು ಸಿಗದಷ್ಟು ಬದಲಾಗಿದೆ. ದೂರ ಹೋದವರು ರಜೆಗೆ ಬಂದರೆ ತಮ್ಮ ಬೀದಿ ಹುಡುಕೋಕೆ ಗೂಗಲ್ ಮ್ಯಾಪ್ ಹಾಕಬೇಕು. ಅವರ ಪಾಲಿಗೆ ಉಳಿದಿರುವ ಹಳೆಯ ವಿಳಾಸ ಚರ್ಚು ಒಂದೇ.

ಇದು ಕ್ರೈಸ್ತರ ಮಾತು ಮಾತ್ರ ಅಲ್ಲ ಅಂತ ನನಗೆ ಗೊತ್ತು. ನಮ್ಮ ಪಕ್ಕದ ಮನೆಯವರು ಎಲ್ಲೇ ಇದ್ದರೂ ವರ್ಷಕ್ಕೊಮ್ಮೆ ಮನೆದೇವರಿಗೆ ಹೋಗಿ ಬರುತ್ತಾರೆ. ಊರಹಬ್ಬದ ಚೀಟಿ ಅಮೆರಿಕಕ್ಕೂ ಹೋಗುತ್ತೆ. ಹಾಗಾಗಿ ನಿಮ್ಮ ದೇವಸ್ಥಾನವೋ, ಮಸೀದಿಯೋ, ಸಂಘವೋ, ಹಳೆಯ ವಿದ್ಯಾರ್ಥಿಗಳ ಬಳಗವೋ ಇಂಥ ಕೆಲಸಕ್ಕೆ ಕೈಹಾಕುವುದಾದರೆ ನಮ್ಮ ಅನುಭವದಿಂದ ಮೂರು ಮಾತು. ಹಣದ ಪಟ್ಟಿ, ಮನುಷ್ಯರ ಪಟ್ಟಿ ಬೇರೆ ಬೇರೆ ಇರಲಿ. ಬೇಡ ಅಂದವರನ್ನು ಬಿಟ್ಟುಬಿಡಿ, ಆದರೆ ಯಾಕೆ ಬೇಡ ಅಂದರು ಅನ್ನೋದನ್ನು ಒಮ್ಮೆ ಕೂತು ಯೋಚಿಸಿ. ಮತ್ತೆ ಮಕ್ಕಳ ನಂಬರ್ ಕೇಳೋಕೆ ಹೋದಾಗ ಅಪ್ಪ ಅಮ್ಮನ ನಂಬರನ್ನೂ ಬರೆದುಕೊಂಡು ಬನ್ನಿ.

ಜ್ಞಾನಸ್ನಾನದ ಪುಸ್ತಕದ ಅಂಚಿನಲ್ಲಿ ಇದನ್ನೆಲ್ಲ ಬರೆಯುವ ಹಾಗಿಲ್ಲ. ಅಲ್ಲಿ ಮದುವೆ, ಗುರುದೀಕ್ಷೆ ಮುಂತಾದವಕ್ಕೆ ಮಾತ್ರ ಜಾಗ. ಅದಕ್ಕೇ ಆಫೀಸಿನಲ್ಲಿ ಒಂದು ಸಾದಾ ನೋಟ್‌ಬುಕ್ ಇಟ್ಟಿದ್ದೇವೆ. ಭೇಟಿಗೆ ಹೋದವರು ಬಂದು ಬರೆಯುತ್ತಾರೆ. ಹೋದ ವಾರದ ಪುಟದಲ್ಲಿ ಹೀಗಿದೆ: ಸಹಕಾರನಗರದ ಅಜ್ಜಿಗೆ ಕಣ್ಣಿನ ಆಪರೇಷನ್ ಮುಂದಿನ ಬುಧವಾರ, ಜೊತೆಗೆ ಯಾರಾದರೂ ಬೇಕು. ಕೆಳಗೆ ಆಗಲೇ ಇಬ್ಬರು ಹೆಸರು ಬರೆದಿದ್ದಾರೆ.